ಝಡ್‌ಟಿಎಫ್ ಲೈಟ್‌ಕರ್ವ್ ಸೇವೆ: ಕ್ವೇಸಾರ್ ಬೆಳಕಿನ ಏರಿಳಿತದಿಂದ ದೂರ ಅಳೆಯುವವರಿಗೆ ಎಷ್ಟು ಉಪಯೋಗ?

ಝಡ್‌ಟಿಎಫ್ (ಝ್ವಿಕಿ ಟ್ರಾನ್ಸಿಯೆಂಟ್ ಫೆಸಿಲಿಟಿ) ರಾತ್ರಿಯ ಆಕಾಶವನ್ನು ಮತ್ತೆಮತ್ತೆ ಚಿತ್ರಿಸುವ ಸಮೀಕ್ಷೆ. ಒಂದು ವಸ್ತುವಿನ ಬೆಳಕು ಕಾಲ ಕಳೆದಂತೆ ಹೇಗೆ ಏರಿಳಿಯಿತೆಂಬ ದಾಖಲೆಯೇ ಲೈಟ್‌ಕರ್ವ್. ಅದನ್ನು ಅಂತರ್ಜಾಲದಲ್ಲಿ ಕೊಡುವ ಈ ಸೇವೆಯನ್ನು ಮೊದಲ ಸಲ ತೆರೆದವರು ಹುಡುಕುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಹಾಕುವ ಹೆಸರು 3ಸಿ 273. ಸಹಜವೇ. ಕ್ವೇಸಾರ್ ಎಂದರೆ ದೂರದ ಗೆಲಾಕ್ಸಿಯ ಅತಿ ಪ್ರಖರವಾದ ನಡುಭಾಗ. ಕನ್ಯಾ ರಾಶಿಯ ಈ ಕ್ವೇಸಾರ್ ಆಕಾಶದಲ್ಲಿ ಕಾಣುವ ಕ್ವೇಸಾರ್‌ಗಳಲ್ಲೆಲ್ಲ ಪ್ರಖರವಾದದ್ದು. 1963ರಲ್ಲಿ ಮಾರ್ಟೆನ್ ಶ್ಮಿಟ್ ಇದರ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, 0.158ರಷ್ಟು ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆ ಉದ್ದವಾದ ಪ್ರಮಾಣ) ಕಂಡುಹಿಡಿದ ಮೇಲೆಯೇ ಇವು ನಮ್ಮ ಗೆಲಾಕ್ಸಿಯ ನಕ್ಷತ್ರಗಳಲ್ಲ, ಬಹುದೂರದವು ಎಂದು ಗೊತ್ತಾದದ್ದು. ಆದರೆ ಇಲ್ಲಿ ಅದನ್ನು ಹಾಕಬೇಡಿ. ಅದರ ಕಾಂತಿಮಾನ (ಈ ಅಂಕಿ ಚಿಕ್ಕದಾದಷ್ಟೂ ವಸ್ತು ಪ್ರಖರ) 13ರ ಆಸುಪಾಸಿನಲ್ಲಿದೆ; ಝಡ್‌ಟಿಎಫ್ ಕ್ಯಾಮೆರಾದ ಪಿಕ್ಸೆಲ್‌ಗಳು 12.5ರಿಂದ 13.2ರ ನಡುವೆಯೇ ತುಂಬಿಹೋಗುತ್ತವೆ. ಅಂಥ ಕಡೆ ಸಿಗುವ ಅಂಕಿಗಳ ಏರಿಳಿತದಲ್ಲಿ ಕ್ವೇಸಾರ್‌ನ ಪಾಲೆಷ್ಟು, ತುಂಬಿದ ಪಿಕ್ಸೆಲ್‌ನ ಪಾಲೆಷ್ಟು ಎಂದು ಬಿಡಿಸಲಾಗದು.

ಸರಿಯಾದ ಕ್ವೇಸಾರ್ ಆರಿಸಿಕೊಂಡರೆ ಮಾತ್ರ ಇದು ಅಪರೂಪದ ಸೇವೆ. ದುಡ್ಡು ಬೇಡ, ದೂರದರ್ಶಕ ಬೇಡ, 2018ರಿಂದ ಈಚಿನ ಏರಿಳಿತದ ದಾಖಲೆ ಒಂದೇ ಕೋರಿಕೆಗೆ ಕೈಗೆ ಬರುತ್ತದೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರಿಗೆ, ಪೈಥಾನ್ ಬಲ್ಲ ಹವ್ಯಾಸಿಗಳಿಗೆ ಧೈರ್ಯವಾಗಿ ಹೇಳಬಹುದಾದ ಸೇವೆ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಬೇಕು: ದೂರದ ಲೆಕ್ಕಕ್ಕೆ ಬೇಕಾದ ಸಾಮಗ್ರಿಯಲ್ಲಿ ಇದು ಕೊಡುವುದು ಅರ್ಧ. ಉಳಿದರ್ಧವನ್ನು ಬೇರೆ ಕಡೆಯಿಂದ ತರಬೇಕು.

ಯಾವ ಅರ್ಧ ಎಂಬುದು ವಿಧಾನ ಗೊತ್ತಿದ್ದರೆ ಸ್ಪಷ್ಟವಾಗುತ್ತದೆ. ಕ್ವೇಸಾರ್‌ನ ನಡುವೆ ಭಾರಿ ಕಪ್ಪುಕುಳಿ, ಅದರ ಸುತ್ತ ಕಾದು ಬೆಳಗುವ ಅನಿಲದ ಬಿಲ್ಲೆ. ಬಿಲ್ಲೆಯ ಬೆಳಕು ಒಂದು ಹದವಿಲ್ಲದೆ ಏರಿಳಿಯುತ್ತಿರುತ್ತದೆ. ಅದರಾಚೆ, ಬೆಳಕೇ ತಲುಪಲು ದಿನಗಳೋ ತಿಂಗಳುಗಳೋ ಬೇಕಾಗುವಷ್ಟು ದೂರದಲ್ಲಿ, ವೇಗವಾಗಿ ಸುತ್ತುವ ಅನಿಲದ ಮೋಡಗಳಿವೆ. ಬಿಲ್ಲೆ ಬೆಳಗಿದರೆ ಮೋಡಗಳೂ ಬೆಳಗುತ್ತವೆ, ಆದರೆ ತಡವಾಗಿ. ಹೈಡ್ರೋಜನ್ನಿನ ಎಚ್-ಬೀಟಾದಂಥ ಅಗಲವಾದ ರೋಹಿತ ರೇಖೆಗಳು ಹುಟ್ಟುವುದು ಈ ಮೋಡಗಳಲ್ಲಿ. ಬಿಲ್ಲೆಯ ಏರಿಳಿತಕ್ಕೂ ರೇಖೆಯ ಏರಿಳಿತಕ್ಕೂ ನಡುವೆ ಎಷ್ಟು ದಿನ ತಡ ಎಂದು ಅಳೆದು, ಅದನ್ನು (1 + ಕೆಂಪು ಪಲ್ಲಟ)ದಿಂದ ಭಾಗಿಸಿದರೆ ಮೋಡಗಳ ತ್ರಿಜ್ಯ ಬೆಳಕಿನ ದಿನಗಳಲ್ಲಿ ಸಿಗುತ್ತದೆ. ಕ್ವೇಸಾರ್ ಪ್ರಖರವಾದಷ್ಟೂ ಈ ತ್ರಿಜ್ಯ ದೊಡ್ಡದು. ಹೆಚ್ಚುಕಡಿಮೆ ಪ್ರಕಾಶದ ವರ್ಗಮೂಲದಂತೆ ಬೆಳೆಯುತ್ತದೆ. ತ್ರಿಜ್ಯದಿಂದ ನಿಜವಾದ ಪ್ರಕಾಶ, ಅದನ್ನು ನಮಗೆ ಕಾಣುವ ಬೆಳಕಿನೊಡನೆ ಹೋಲಿಸಿದರೆ ದೂರ. ಝಡ್‌ಟಿಎಫ್ ಕೊಡುವುದು ಬಿಲ್ಲೆಯ ಏರಿಳಿತವನ್ನು. ರೇಖೆಯ ಏರಿಳಿತಕ್ಕೆ ರೋಹಿತಗಳು ಬೇಕು.

ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದ 48 ಅಂಗುಲದ ಸ್ಯಾಮ್ಯುಯೆಲ್ ಓಶಿನ್ ದೂರದರ್ಶಕ ಹಳೆಯದು. ಅದಕ್ಕೆ ಕೂರಿಸಿದ ಹೊಸ ಕ್ಯಾಮೆರಾ 16 ದೊಡ್ಡ ಸಿಸಿಡಿಗಳಿಂದ (ಬೆಳಕು ಹಿಡಿಯುವ ಚಿಪ್‌ಗಳಿಂದ) ಒಂದೇ ಸಲಕ್ಕೆ ಸುಮಾರು 47 ಚದರ ಡಿಗ್ರಿ ಆಕಾಶ ಸೆರೆಹಿಡಿಯುತ್ತದೆ. ಒಂದು ಚಿತ್ರಕ್ಕೆ 30 ಸೆಕೆಂಡು. ಜಿ (ಹಸಿರು) ಮತ್ತು ಆರ್ (ಕೆಂಪು) ಸೋಸುಗಗಳಲ್ಲಿ, ಅಂದರೆ ಫಿಲ್ಟರ್‌ಗಳಲ್ಲಿ, 20.5ನೇ ಕಾಂತಿಮಾನದ ಆಚೆಗೂ ಕಾಣುತ್ತದೆ, ಐ ಸೋಸುಗದಲ್ಲಿ 20ರ ಹತ್ತಿರ. ಸಾರ್ವಜನಿಕ ಸಮೀಕ್ಷೆ ಮೊದಲು ಮೂರು ರಾತ್ರಿಗೊಮ್ಮೆ ಉತ್ತರದ ಆಕಾಶ ಸುತ್ತುತ್ತಿತ್ತು, ಎರಡನೇ ಹಂತದಲ್ಲಿ ಎರಡು ರಾತ್ರಿಗೊಮ್ಮೆ. ಎಲ್ಲವೂ ಕ್ಯಾಲ್‌ಟೆಕ್‌ನ ಇರ್ಸಾ ಸಂಗ್ರಹದಲ್ಲಿ ಕೂಡುತ್ತದೆ. ಎರಡು ತಿಂಗಳಿಗೊಮ್ಮೆ ಹೊಸ ಬಿಡುಗಡೆ. ದಕ್ಷಿಣಕ್ಕೆ ಮೈನಸ್ 30 ಡಿಗ್ರಿಯಿಂದ ಕೆಳಗಿನ ಕ್ವೇಸಾರ್ ಬೇಕಿದ್ದವರಿಗೆ ಇದು ಉಪಯೋಗವಿಲ್ಲ.

ಕೋರಿಕೆ ಸಲ್ಲಿಸುವುದು ಸುಲಭ. ಕ್ವೇಸಾರ್‌ನ ಸ್ಥಾನವನ್ನು ಡಿಗ್ರಿಯ ದಶಮಾಂಶದಲ್ಲಿ ಕೊಡಿ. ಗಂಟೆ-ನಿಮಿಷದಲ್ಲಿ ಕೊಟ್ಟು ಖಾಲಿ ಪಟ್ಟಿ ಪಡೆದು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಹುಡುಕುವ ತ್ರಿಜ್ಯವೂ ಡಿಗ್ರಿಯಲ್ಲೇ ಇರಬೇಕು: ಒಂದೂವರೆ ಆರ್ಕ್‌ಸೆಕೆಂಡ್ (ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಆರ್ಕ್‌ಸೆಕೆಂಡ್) ಅಂದರೆ 0.0004. ಕೆಟ್ಟ ದಾಖಲೆಗಳನ್ನು ಅಲ್ಲೇ ಕಳಚಲು ಗುರುತಿನ ಮಾಸ್ಕ್ 32768 ಎಂದು ಕೊಡಿ. ಸಿಎಸ್‌ವಿ ಆಯ್ಕೆ ಮಾಡಿಕೊಂಡರೆ ಎಕ್ಸೆಲ್‌ನಲ್ಲೂ ತೆರೆಯಬಹುದು. ಬರುವ ಪಟ್ಟಿಯಲ್ಲಿ ಕಾಲಂಗಳು ಬಹಳ. ನಮಗೆ ಬೇಕಾದವು ಎಂಟು: ವಸ್ತುವಿನ ಗುರುತು ಸಂಖ್ಯೆ, ಎಂಜೆಡಿ ದಿನಾಂಕ (ಖಗೋಳದವರು ದಿನಗಳನ್ನು ಒಂದೇ ಸಮನೆ ಎಣಿಸುವ ಸಂಖ್ಯೆ), ಕಾಂತಿಮಾನ, ಅದರ ದೋಷಮಿತಿ, ಕ್ಯಾಟ್‌ಫ್ಲ್ಯಾಗ್ಸ್ (ಅಳತೆಯ ತೊಂದರೆ ಸೂಚಿಸುವ ಸಂಖ್ಯೆ), ಸೋಸುಗ, ಶಾರ್ಪ್ (ಚುಕ್ಕೆ ಎಷ್ಟು ಚೂಪು ಅಥವಾ ಅಗಲ ಎಂಬುದು), ಮಿತಿ ಕಾಂತಿಮಾನ (ಆ ಚಿತ್ರದಲ್ಲಿ ಕಾಣುವ ಅತಿ ಮಸುಕಿನ ಮಟ್ಟ).

ಇಲ್ಲಿಂದ ಮುಂದೆ ಹೆಜ್ಜೆಹೆಜ್ಜೆಗೂ ಎಚ್ಚರ ಬೇಕು. ಒಂದೇ ಕ್ವೇಸಾರ್‌ಗೆ ಜಿ ಸೋಸುಗದಲ್ಲೇ ಎರಡು ಮೂರು ಗುರುತು ಸಂಖ್ಯೆ ಬಂದಿದ್ದರೆ ಗಾಬರಿ ಬೇಡ. ಸಮೀಕ್ಷೆ ಆಕಾಶವನ್ನು ಚೌಕಗಳಾಗಿ ಹಂಚಿಕೊಂಡಿದೆ. ಚೌಕಗಳ ಅಂಚುಗಳು ಒಂದರ ಮೇಲೊಂದು ಬರುವ ಕಡೆ ಅದೇ ವಸ್ತು ಬೇರೆ ಚೌಕದಲ್ಲಿ, ಬೇರೆ ಸಿಸಿಡಿಯ ಬೇರೆ ಮೂಲೆಯಲ್ಲಿ ಬಿದ್ದು ಬೇರೆ ಸಂಖ್ಯೆ ಪಡೆಯುತ್ತದೆ. ಎಲ್ಲವನ್ನೂ ಸುಮ್ಮನೆ ಒಂದರ ಕೆಳಗೊಂದು ಅಂಟಿಸಿದರೆ ನೂರರಲ್ಲಿ ಒಂದೆರಡು ಪಾಲಿನ ಮೆಟ್ಟಿಲುಗಳು ಲೈಟ್‌ಕರ್ವ್‌ನಲ್ಲಿ ಮೂಡುತ್ತವೆ. ಕ್ವೇಸಾರ್‌ನ ಏರಿಳಿತವೇ ಶೇಕಡ ಹತ್ತಿಪ್ಪತ್ತು ಇರುವಾಗ ಈ ಮೆಟ್ಟಿಲು ತಡದ ಲೆಕ್ಕವನ್ನು ತಪ್ಪು ದಾರಿಗೆ ಎಳೆಯಲು ಸಾಕು. ಹೀಗೆ ಮಾಡಿ: ಹೆಚ್ಚು ಅಳತೆಗಳಿರುವ ಸಂಖ್ಯೆಯನ್ನು ಆಧಾರವಾಗಿಟ್ಟುಕೊಳ್ಳಿ. ಉಳಿದವುಗಳಲ್ಲಿ ಅರ್ಧ ದಿನದೊಳಗೆ ಅದರೊಂದಿಗೆ ಜೊತೆಯಾಗುವ ಅಳತೆಗಳನ್ನು ಹೆಕ್ಕಿ, ವ್ಯತ್ಯಾಸಗಳ ಮಧ್ಯಕ ತೆಗೆದು ಅಷ್ಟನ್ನು ಕೂಡಿಸಿ ಇಲ್ಲವೇ ಕಳೆಯಿರಿ. ಹತ್ತು ಜೊತೆಗಳಾದರೂ ಸಿಗದಿದ್ದರೆ ಆ ಸಂಖ್ಯೆಯನ್ನು ಪೂರ್ತಿ ಬಿಟ್ಟುಬಿಡುವುದೇ ವಾಸಿ. ಇಷ್ಟು ಮುಖ್ಯವಾದ ವಿಷಯವನ್ನು ಫಲಿತಾಂಶದ ಪುಟದಲ್ಲೇ ದಪ್ಪಕ್ಷರದಲ್ಲಿ ಹೇಳಬೇಕಿತ್ತು. ಅದು ದಾಖಲೆಪತ್ರದ ಒಳಗೆ ಅಡಗಿದೆ.

ಕ್ಯಾಟ್‌ಫ್ಲ್ಯಾಗ್ಸ್ 32768ಕ್ಕಿಂತ ಕಡಿಮೆ ಇದ್ದರೆ ಬಳಸಬಹುದು ಎನ್ನುತ್ತಾರೆ. ದೂರದ ಕೆಲಸಕ್ಕೆ ಸೊನ್ನೆ ಇರುವುದನ್ನು ಮಾತ್ರ ಇಟ್ಟುಕೊಳ್ಳಿ. ಅಳತೆಗಳು ಕೊಂಚ ಕಡಿಮೆಯಾದರೂ ಹುಚ್ಚು ಬಿಂದುಗಳು ಮಾಯವಾಗುತ್ತವೆ.

ದೋಷಮಿತಿಯ ಕಾಲಂ ಅನ್ನು ಪರೀಕ್ಷಿಸದೆ ನಂಬಬೇಡಿ. ಕ್ವೇಸಾರ್‌ನಿಂದ ಒಂದೆರಡು ಆರ್ಕ್‌ಮಿನಿಟ್ ದೂರದಲ್ಲಿ, ಅದೇ ಸಿಸಿಡಿ ಭಾಗದಲ್ಲಿ, ಅದರಷ್ಟೇ ಕಾಂತಿಮಾನದ ಮೂರ್ನಾಲ್ಕು ನಕ್ಷತ್ರಗಳ ಲೈಟ್‌ಕರ್ವ್‌ಗಳನ್ನೂ ಇಳಿಸಿಕೊಳ್ಳಿ. ನಕ್ಷತ್ರ ಸ್ಥಿರವಾಗಿದ್ದರೆ ಅದರ ಅಳತೆಗಳ ಚದುರುವಿಕೆಯೇ ನಿಜವಾದ ದೋಷ. ಅದು ಕಾಲಂನಲ್ಲಿ ಬರೆದದ್ದಕ್ಕಿಂತ ದೊಡ್ಡದಿದ್ದರೆ ಕ್ವೇಸಾರ್‌ನ ದೋಷಮಿತಿಗಳನ್ನೂ ಅಷ್ಟೇ ಪಟ್ಟು ಹಿಗ್ಗಿಸಿ. ಈ ಒಂದು ಕೆಲಸ ಮಾಡದೆ ಮುಂದೆ ಹೋದವರ ತಡದ ಅಂಕಿಗಳು ಯಾವಾಗಲೂ ಇರಬೇಕಾದ್ದಕ್ಕಿಂತ ಖಚಿತವಾಗಿ ಕಾಣುತ್ತವೆ.

ಹತ್ತಿರದ ಕ್ವೇಸಾರ್‌ಗಳಲ್ಲಿ ಇನ್ನೊಂದು ತೊಡಕು: ಅವುಗಳ ಸುತ್ತಲಿನ ಗೆಲಾಕ್ಸಿ ಕಾಣುತ್ತದೆ. ಪಾಲೊಮಾರ್‌ನಲ್ಲಿ ಚುಕ್ಕೆಯ ಅಗಲ ಸಾಮಾನ್ಯವಾಗಿ ಎರಡು ಆರ್ಕ್‌ಸೆಕೆಂಡ್. ಪಿಕ್ಸೆಲ್ ಒಂದು ಆರ್ಕ್‌ಸೆಕೆಂಡ್. ಗಾಳಿ ಕಲಕಿ ಚುಕ್ಕೆ ಅಗಲವಾದ ರಾತ್ರಿ, ನಕ್ಷತ್ರದ ಆಕಾರಕ್ಕೆ ಹೊಂದಿಸಿ ಅಳೆಯುವ ಲೆಕ್ಕದೊಳಕ್ಕೆ ಗೆಲಾಕ್ಸಿಯ ಬೆಳಕು ಹೆಚ್ಚು ಸೇರಿಕೊಳ್ಳುತ್ತದೆ. ಕ್ವೇಸಾರ್ ಬೆಳಗಿದಂತೆ ತೋರುತ್ತದೆ, ನಿಜಕ್ಕೂ ಬೆಳಗಿರುವುದಿಲ್ಲ. ಕಾಂತಿಮಾನವನ್ನು ಶಾರ್ಪ್ ಕಾಲಂನೆದುರು ನಕ್ಷೆ ಹಾಕಿ ನೋಡಿ. ಚುಕ್ಕೆಗಳು ಓರೆಯಾಗಿ ಸಾಲುಗಟ್ಟಿದರೆ ಈ ಕಾಟ ಇದೆ ಎಂದೇ ಅರ್ಥ. ಪರಿಹಾರ ಅದೇ ಸಂಸ್ಥೆಯ ಇನ್ನೊಂದು ಸೇವೆಯಲ್ಲಿದೆ: ಬಲವಂತದ ಫೋಟೊಮೆಟ್ರಿ. ಹೆಸರು ನೋಂದಾಯಿಸಿಕೊಂಡು ಸ್ಥಾನ ಮತ್ತು ಅವಧಿ ಕಳಿಸಿದರೆ, ಪ್ರತಿ ಚಿತ್ರದಿಂದ ಆಧಾರ ಚಿತ್ರವನ್ನು ಕಳೆದು, ಉಳಿದ ಬೆಳಕನ್ನು ಅಳೆದು ಪಟ್ಟಿ ಸಿದ್ಧಪಡಿಸುತ್ತಾರೆ. ಬದಲಾಗದ ಗೆಲಾಕ್ಸಿ ಕಳೆದುಹೋಗಿರುತ್ತದೆ. ತಡ ಅಳೆಯಲು ಏರಿಳಿತದ ಆಕಾರ ಸಾಕಾದ್ದರಿಂದ ವ್ಯತ್ಯಾಸದ ಅಂಕಿಗಳನ್ನೇ ನೇರವಾಗಿ ಬಳಸಬಹುದು. 0.1ಕ್ಕಿಂತ ಕಡಿಮೆ ಕೆಂಪು ಪಲ್ಲಟದ ಯಾವುದಕ್ಕೇ ಆಗಲಿ ಈ ದಾರಿಯೇ ಸರಿ. ದೊಡ್ಡ ಕೋರಿಕೆಗಳಿಗೆ ಕಾಯಬೇಕಾಗುತ್ತದೆ, ಅದಕ್ಕೆ ಬೇಸರ ಬೇಡ.

ಕೊನೆಯದಾಗಿ ಒಂದೇ ರಾತ್ರಿಯ ಅಳತೆಗಳನ್ನು ತೂಕದ ಸರಾಸರಿ ಮಾಡಿ ಒಂದಾಗಿಸಿ. ಕಾಂತಿಮಾನವನ್ನು ಫ್ಲಕ್ಸ್‌ಗೆ, ಅಂದರೆ ನಮ್ಮನ್ನು ತಲುಪುವ ಬೆಳಕಿನ ಪ್ರಮಾಣಕ್ಕೆ, ಬದಲಿಸಿ. ದಿನಾಂಕ, ಫ್ಲಕ್ಸ್, ದೋಷ ಎಂಬ ಮೂರು ಕಾಲಂಗಳ ಕಡತ ಸಿದ್ಧವಾಯಿತು.

ಈಗ ಕ್ವೇಸಾರ್ ಆಯ್ಕೆ. ಖಗೋಳವಿಜ್ಞಾನಿ ಬೆಂಟ್ಸ್ ಮತ್ತು ಸಂಗಡಿಗರು 2013ರಲ್ಲಿ ಕೊಟ್ಟ ಸಂಬಂಧ ಹೀಗಿದೆ: ಬೆಳಕಿನ ದಿನಗಳಲ್ಲಿ ತ್ರಿಜ್ಯದ ಲಾಗ್ = 1.527 + 0.533 × ಪ್ರಕಾಶದ ಲಾಗ್. ಪ್ರಕಾಶವನ್ನು 5100 ಆಂಗ್‌ಸ್ಟ್ರಮ್ ತರಂಗಾಂತರದಲ್ಲಿ, ಸೆಕೆಂಡಿಗೆ 10ರ 44ನೇ ಘಾತದಷ್ಟು ಅರ್ಗ್ (ಶಕ್ತಿಯ ಒಂದು ಅಳತೆ) ಎಂಬ ಮಾನದಲ್ಲಿ ಇಡಬೇಕು. ಹಾಗಾಗಿ 10ರ 43ನೇ ಘಾತದ ಕ್ವೇಸಾರ್‌ಗೆ ತ್ರಿಜ್ಯ ಸುಮಾರು 10 ದಿನ, 44ಕ್ಕೆ 34 ದಿನ, 45ಕ್ಕೆ 115 ದಿನ. ಎರಡು ಮೂರು ರಾತ್ರಿಗೊಮ್ಮೆ ಅಳೆಯುವ ಸಮೀಕ್ಷೆಗೆ 10 ದಿನ ತೀರ ಕಡಿಮೆ. ಮಳೆ, ಮೋಡ, ಹುಣ್ಣಿಮೆ ಕಳೆದು ಉಳಿಯುವುದು ಸಾಲದು. 115 ದಿನ ಬೇರೆ ರೀತಿಯ ಅಪಾಯ, ಅದನ್ನು ಮುಂದೆ ಹೇಳುತ್ತೇವೆ. ನಡುವಿನದು ಹದ: 10ರ 44ನೇ ಘಾತದ ಕ್ವೇಸಾರ್ 0.1 ಕೆಂಪು ಪಲ್ಲಟದಲ್ಲಿದ್ದರೆ ಕಾಂತಿಮಾನ ಸುಮಾರು 16.8, ನಮಗೆ ಕಾಣುವ ತಡ 37 ದಿನ. ಝಡ್‌ಟಿಎಫ್‌ಗೆ ಇದಕ್ಕಿಂತ ಒಳ್ಳೆಯ ಗುರಿ ಇಲ್ಲ. ಸಣ್ಣ ಕೊರತೆ ಒಂದಿದೆ: 0.13ಕ್ಕಿಂತ ಕಡಿಮೆ ಕೆಂಪು ಪಲ್ಲಟದಲ್ಲಿ ಎಚ್-ಬೀಟಾ ರೇಖೆಯೇ ಜಿ ಸೋಸುಗದೊಳಗೆ ಬೀಳುತ್ತದೆ, ಅಂದರೆ ಬಿಲ್ಲೆಯ ಬೆಳಕಿನ ಅಳತೆಯಲ್ಲಿ ರೇಖೆಯ ಬೆಳಕಿನ ಅಲ್ಪ ಪಾಲು ಬೆರೆತು ತಡವನ್ನು ಕೊಂಚ ಸೊನ್ನೆಯ ಕಡೆಗೆ ಎಳೆಯುತ್ತದೆ. ಪಾಲು ಸಣ್ಣದು, ಆದರೂ ಬರೆದಿಡಬೇಕು.

ರೇಖೆಯ ಅರ್ಧ ಎಲ್ಲಿಂದ? ಜಿ ಮತ್ತು ಆರ್ ಸೋಸುಗಗಳ ನಡುವಿನ ತಡವನ್ನೇ ಅಳೆದು ಕೆಲಸ ಮುಗಿಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬಿಲ್ಲೆಯ ಒಳಭಾಗ ಬಿಸಿ, ನೀಲಿ. ಹೊರಭಾಗ ತಂಪು, ಕೆಂಪು. ಆದ್ದರಿಂದ ಆರ್ ಬೆಳಕು ಜಿ ಬೆಳಕಿಗಿಂತ ತಡವಾಗಿ ಏರಿಳಿಯಬೇಕು. ಹಾಗೇ ಆಗುತ್ತದೆ ಕೂಡ. ಈ ತಡ ತರಂಗಾಂತರದ 4/3ನೇ ಘಾತದಂತೆ ಬೆಳೆಯುತ್ತದೆಂಬ ಸಿದ್ಧಾಂತದಿಂದ ದೂರವನ್ನೂ ತೆಗೆಯಬಹುದೆಂದು 1999ರಲ್ಲೇ ತೋರಿಸಿದ್ದರು. ತೊಂದರೆ ಎರಡು. ಜಿ-ಆರ್ ತಡ ಒಂದೆರಡು ದಿನದ್ದು, ಸಮೀಕ್ಷೆಯ ಗತಿಯೂ ಅಷ್ಟೇ. ಇನ್ನೊಂದು ಆಳವಾದದ್ದು: ಬಿಲ್ಲೆಗಳು ಸಿದ್ಧಾಂತ ಹೇಳುವುದಕ್ಕಿಂತ ದೊಡ್ಡದಾಗಿ ಕಾಣುತ್ತಿವೆ. 2007ರಲ್ಲಿ ಕ್ಯಾಕೆಟ್, ಹಾರ್ನ್, ವಿಂಕ್ಲರ್ ಈ ದಾರಿಯಲ್ಲಿ ಲೆಕ್ಕ ಹಾಕಿದಾಗ ವಿಶ್ವ ಹಿಗ್ಗುವ ವೇಗ ಹೇಳುವ ಹಬಲ್ ಸ್ಥಿರಾಂಕ 44 ಬಂತು. ಬೇರೆ ವಿಧಾನಗಳು 70ರ ಆಸುಪಾಸು ಹೇಳುತ್ತವೆ. ಈ ಸ್ಥಿರಾಂಕ ಕಡಿಮೆಯಾದಷ್ಟೂ ದೂರ ಹೆಚ್ಚು; ದೂರಗಳೆಲ್ಲ ಒಂದೂವರೆ ಪಟ್ಟಿಗೂ ಹೆಚ್ಚಾಗಿ ಬಂದವು ಎಂದಂತಾಯಿತು. ನೈನಿತಾಲ್‌ನ ಏರೀಸ್ ಸಂಸ್ಥೆಯವರು ಇದೇ ಝಡ್‌ಟಿಎಫ್ ದಾಖಲೆಗಳಿಂದ 2022ರಲ್ಲಿ ಬಿಲ್ಲೆಗಳ ಗಾತ್ರ ಅಳೆದಾಗಲೂ ಅವು ಸಿದ್ಧಾಂತದ ಬಿಲ್ಲೆಗಿಂತ ದೊಡ್ಡವೇ ಆಗಿದ್ದವು. ಬಿಲ್ಲೆಯ ಸ್ವಭಾವ ತಿಳಿಯಲು ಜಿ-ಆರ್ ತಡ ಅಮೂಲ್ಯ. ದೂರಕ್ಕೆ ಅದನ್ನು ನೆಚ್ಚಬೇಡಿ.

ಹಾಗಾಗಿ ರೋಹಿತ ಬೇಕೇ ಬೇಕು. ನಮ್ಮವರಿಗೆ ಹತ್ತಿರದ ದಾರಿ ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಹೊಸಕೋಟೆಯ ಕ್ರೆಸ್ಟ್ ಕೇಂದ್ರದಲ್ಲಿ ಕೂತು ಉಪಗ್ರಹ ಸಂಪರ್ಕದಿಂದ ಓಡಿಸುತ್ತಾರೆ. ಅದರ ರೋಹಿತ ಉಪಕರಣಕ್ಕೆ 16.8 ಕಾಂತಿಮಾನದ ಕ್ವೇಸಾರ್ ಕಷ್ಟದ ಗುರಿಯಲ್ಲ. ಆದರೆ ಸಮಯ ಸಿಗುವುದು ಪ್ರಸ್ತಾವನೆ ಒಪ್ಪಿಗೆಯಾದರೆ ಮಾತ್ರ, ಅದೂ ಬಿಡಿಬಿಡಿ ರಾತ್ರಿಗಳು. 37 ದಿನದ ತಡ ಹಿಡಿಯಲು ಐದಾರು ದಿನಕ್ಕೊಂದು ರೋಹಿತದಂತೆ ಐದು ತಿಂಗಳಾದರೂ ಬೇಕು: ಸುಮಾರು 25ರಿಂದ 30 ರೋಹಿತ. ಇದಾಗದವರು ಸ್ಲೋನ್ ಸಮೀಕ್ಷೆಯ ಪುನರಾವರ್ತಿತ ರೋಹಿತ ಯೋಜನೆಯ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ಅದು 849 ಕ್ವೇಸಾರ್‌ಗಳನ್ನು 2014ರಿಂದ ಮತ್ತೆಮತ್ತೆ ಅಳೆದಿದೆ; ಅವುಗಳಲ್ಲಿ ಬಹಳಷ್ಟು ಝಡ್‌ಟಿಎಫ್‌ಗೆ ತೀರ ಮಸುಕು ಎಂಬುದು ಬೇರೆ ಮಾತು.

ಎರಡೂ ಕಡತಗಳು ಕೈಯಲ್ಲಿದ್ದರೆ ತಡ ತೆಗೆಯಲು ಎರಡು ಉಚಿತ ಪೈಥಾನ್ ಸಾಧನಗಳು: ಪೈಸಿಸಿಎಫ್ ಮತ್ತು ಜಾವೆಲಿನ್. ಮೊದಲನೆಯದು ಸರಳ. ಬಿಂದುಗಳ ನಡುವೆ ಗೆರೆ ಎಳೆದು, ಒಂದು ಲೈಟ್‌ಕರ್ವ್ ಅನ್ನು ದಿನದಿನಕ್ಕೆ ಸರಿಸುತ್ತ ಎಲ್ಲಿ ಚೆನ್ನಾಗಿ ಹೊಂದುತ್ತದೆಂದು ನೋಡುತ್ತದೆ. ಹೊಂದಿಕೆಯ ಶಿಖರದ ಶೇಕಡ 80ಕ್ಕಿಂತ ಮೇಲಿನ ಭಾಗದ ಕೇಂದ್ರವನ್ನು ತಡ ಎಂದು ತೆಗೆದುಕೊಳ್ಳಿ. ಅಳತೆಗಳನ್ನು ಯಾದೃಚ್ಛಿಕವಾಗಿ ಕಲಕಿ, ಕೆಲವನ್ನು ಬಿಟ್ಟು, ಸಾವಿರ ಸಲವಾದರೂ ಪುನರಾವರ್ತಿಸಿದರೆ ದೋಷಮಿತಿ ಬರುತ್ತದೆ. ಜಾವೆಲಿನ್ ಇನ್ನೂ ಜಾಣ: ಗೆರೆ ಎಳೆಯುವ ಬದಲು ಕ್ವೇಸಾರ್‌ನ ಏರಿಳಿತಕ್ಕೆ ಹೊಂದುವ ಅಂಕಿಅಂಶ ಮಾದರಿಯಿಂದ ಖಾಲಿ ಜಾಗ ತುಂಬುತ್ತದೆ. ಸ್ಥಾಪಿಸುವಾಗ ಫೋರ್ಟ್ರಾನ್ ಕಂಪೈಲರ್ ಬೇಕು. ಅದಿಲ್ಲದೆ ಬರುವ ದೋಷಸಂದೇಶ ಅದರ ಬಗ್ಗೆ ಸ್ಪಷ್ಟವಾಗಿ ಹೇಳುವುದೂ ಇಲ್ಲ. ಮೊದಲು ಬಿಲ್ಲೆಯ ಲೈಟ್‌ಕರ್ವ್ ಒಂದನ್ನೇ ಕೊಟ್ಟು ಅದರ ಏರಿಳಿತದ ಕಾಲಮಾನ ಹೊಂದಿಸಿ, ಆಮೇಲೆ ಎರಡನ್ನೂ ಕೊಡಿ. ಈ ಕಾಲಮಾನ ಕ್ವೇಸಾರ್‌ಗಳಲ್ಲಿ ಸುಮಾರು ಇನ್ನೂರು ದಿನ. ಅದನ್ನು ನೆಟ್ಟಗೆ ಅಳೆಯಲು ಅದರ ಹತ್ತು ಪಟ್ಟು ಉದ್ದದ ದಾಖಲೆ ಬೇಕು. ಝಡ್‌ಟಿಎಫ್ ಆ ಉದ್ದ ತಲುಪಿರುವುದು ಇತ್ತೀಚೆಗೆ, ಹಾಗಾಗಿ ಹಳೆಯ ಬಿಡುಗಡೆಯ ಕಡತ ಇಳಿಸಿಟ್ಟುಕೊಂಡವರು ಹೊಸದನ್ನು ಮತ್ತೆ ಇಳಿಸಿಕೊಳ್ಳಿ.

ಈಗ ಆ 115 ದಿನದ ಅಪಾಯ. ಬಹುತೇಕ ಕ್ವೇಸಾರ್‌ಗಳು ವರ್ಷದಲ್ಲಿ ಕೆಲವು ತಿಂಗಳು ಸೂರ್ಯನ ಬೆಳಕಿನಲ್ಲಿ ಅಡಗುತ್ತವೆ. ಆ 115 ದಿನ (1 + ಕೆಂಪು ಪಲ್ಲಟ)ದಷ್ಟು ಹಿಗ್ಗಿ, ಕಾಣುವ ತಡ ಐದಾರು ತಿಂಗಳಾಗಿಬಿಟ್ಟರೆ, ಸರಿಸಿದ ಲೈಟ್‌ಕರ್ವ್‌ನ ಬಿಂದುಗಳೆಲ್ಲ ಮತ್ತೊಂದರ ಖಾಲಿ ಜಾಗದಲ್ಲೇ ಬೀಳುತ್ತವೆ. ಹೋಲಿಸಲು ಎದುರು ಏನೂ ಇಲ್ಲದ ಕಡೆ ಜಾವೆಲಿನ್ ತನ್ನ ಕಲ್ಪನೆಯನ್ನೇ ಹೊಂದಿಸಿಕೊಂಡು 180 ದಿನದ ಹತ್ತಿರ ಸೊಗಸಾದ ಶಿಖರ ತೋರಿಸುತ್ತದೆ. ಅದು ತಡವಲ್ಲ, ಋತುವಿನ ನೆರಳು. ಮದ್ದು: ಪ್ರತಿ ತಡಕ್ಕೂ ನಿಜವಾಗಿ ಎಷ್ಟು ಬಿಂದುಗಳು ಜೊತೆಯಾಗುತ್ತವೆಂದು ಎಣಿಸಿ, ಅದನ್ನು ಸೊನ್ನೆ ತಡದ ಎಣಿಕೆಯಿಂದ ಭಾಗಿಸಿ, ವರ್ಗ ಮಾಡಿ ಫಲಿತಾಂಶಕ್ಕೆ ಗುಣಿಸಿ. ಸ್ಲೋನ್ ತಂಡ 2017ರಿಂದ ಬಳಸುತ್ತಿರುವ ಉಪಾಯವಿದು. ಸುಳ್ಳು ಶಿಖರ ಇಷ್ಟಕ್ಕೇ ಕುಸಿಯುತ್ತದೆ.

ತಡದಿಂದ ದೂರಕ್ಕೆ ಹೋಗುವ ಕೊನೆಯ ಮೆಟ್ಟಿಲಲ್ಲಿ ಎಡವುವುದು ಎಷ್ಟು ಸುಲಭ ಎಂದು ತೋರಿಸಲು 3ಸಿ 273ಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಹತ್ತು ವರ್ಷದ ಅಳತೆಗಳಿಂದ 2019ರಲ್ಲಿ ಪ್ರಕಟವಾದ ಅದರ ತಡ, ಕ್ವೇಸಾರ್‌ನದೇ ಗಡಿಯಾರದಲ್ಲಿ, 146.8 ದಿನ. ಮೇಲಿನ ಸೂತ್ರಕ್ಕೆ ಹಾಕಿ: 146.8ರ ಲಾಗ್ 2.167, 1.527 ಕಳೆದು 0.533ರಿಂದ ಭಾಗಿಸಿದರೆ 1.20. ಪ್ರಕಾಶ 10ರ 45.2ನೇ ಘಾತ. ಕಾಣುವ ಬೆಳಕು, ಕಾಂತಿಮಾನ 12.85 ಎಂದುಕೊಂಡರೆ, ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 1.4 × 10ರ ಮೈನಸ್ 10ನೇ ಘಾತದ ಅರ್ಗ್. ಪ್ರಕಾಶವನ್ನು 12.57ರಿಂದಲೂ (ಅಂದರೆ 4π) ಇದರಿಂದಲೂ ಭಾಗಿಸಿ ವರ್ಗಮೂಲ ತೆಗೆದರೆ ದೂರ 310 ಮೆಗಾಪಾರ್ಸೆಕ್ (ಒಂದು ಮೆಗಾಪಾರ್ಸೆಕ್ ಸುಮಾರು 32.6 ಲಕ್ಷ ಬೆಳಕಿನ ವರ್ಷ). ಕೆಂಪು ಪಲ್ಲಟದಿಂದ ಬರುವ ದೂರ 750. ಅರ್ಧಕ್ಕಿಂತ ಕಡಿಮೆ!

ಅಳತೆ ತಪ್ಪಿಲ್ಲ, ಗುಣಾಕಾರವೂ ತಪ್ಪಿಲ್ಲ. ಕಪ್ಪುಕುಳಿ ತನ್ನ ತೂಕಕ್ಕೆ ಮೀರಿ ಅನಿಲ ನುಂಗುತ್ತಿರುವ ಕ್ವೇಸಾರ್‌ಗಳಲ್ಲಿ ತಡ ಸೂತ್ರಕ್ಕಿಂತ ಚಿಕ್ಕದಾಗಿರುತ್ತದೆ. ಇದು 2010ರ ದಶಕದಲ್ಲಿ ದೃಢಪಟ್ಟ ಸಂಗತಿ, 3ಸಿ 273 ಆ ಗುಂಪಿನದು. ಜೊತೆಗೆ ಕಪ್ಪುಕುಳಿಯ ಬಳಿಯಿಂದ ಹೊರಚಿಮ್ಮುವ ಕಣಗಳ ಧಾರೆಯೂ ಬೆಳಕಿಗೆ ಕೈಜೋಡಿಸುತ್ತದೆ. ಧಾರೆಯ ನಿಧಾನದ ಏರಿಳಿತಕ್ಕೆ ರೇಖೆ ಸ್ಪಂದಿಸುವುದಿಲ್ಲವಾದ್ದರಿಂದ ತಡ ಅಳೆಯುವ ಮೊದಲು ದೀರ್ಘಕಾಲದ ಓರೆಯನ್ನು ಕಳೆಯಬೇಕಾಗುತ್ತದೆ.

ಅದೇ ತಡಕ್ಕೆ ಸೂತ್ರದ ಬದಲು ಜ್ಯಾಮಿತಿ ಹಚ್ಚಿದರೆ ಏನಾಗುತ್ತದೆ ನೋಡಿ. ಚಿಲಿಯ ಪರನಾಲ್‌ನಲ್ಲಿ 8.2 ಮೀಟರಿನ ನಾಲ್ಕು ದೂರದರ್ಶಕಗಳನ್ನು ಒಂದಾಗಿ ಬೆಸೆಯುವ ಗ್ರಾವಿಟಿ ಉಪಕರಣ, 2018ರಲ್ಲಿ ಇದೇ ಮೋಡಗಳ ಕೋನ ತ್ರಿಜ್ಯ 46 ಮೈಕ್ರೊ ಆರ್ಕ್‌ಸೆಕೆಂಡ್ ಎಂದು ಅಳೆಯಿತು. 146.8 ಬೆಳಕಿನ ದಿನವೆಂದರೆ 3.8 × 10ರ 17ನೇ ಘಾತ ಸೆಂಟಿಮೀಟರ್. ಕೋನದಿಂದ ಭಾಗಿಸಿದರೆ 552 ಮೆಗಾಪಾರ್ಸೆಕ್. ಎರಡೂ ದತ್ತಾಂಶಗಳನ್ನು ಕೂಡಿಸಿ 2020ರಲ್ಲಿ ಪ್ರಕಟಿಸಿದ ಪೂರ್ಣ ಲೆಕ್ಕದ ಉತ್ತರ 551.5, ಮೇಲೆ 97 ಕೆಳಗೆ 79ರ ದೋಷಮಿತಿಯೊಂದಿಗೆ. ಇದು ಕೋನದಿಂದ ಬಂದ ದೂರ. ಬೆಳಕಿನ ದೂರಕ್ಕೆ ತರಲು 1.158ರ ವರ್ಗದಿಂದ ಗುಣಿಸಿದರೆ 740. ಕೆಂಪು ಪಲ್ಲಟದ 750ಕ್ಕೆ ಎಷ್ಟು ಹತ್ತಿರ! ತಡದ ರೇಖೆ ಎಚ್-ಬೀಟಾ, ಕೋನ ಅಳೆದದ್ದು ಇನ್‌ಫ್ರಾರೆಡ್‌ನ ಪಾಶ್ಚೆನ್-ಆಲ್ಫಾ. ಎರಡೂ ಒಂದೇ ಮೋಡಗಳಿಂದ ಬರುತ್ತವೆಂಬ ಭರವಸೆಯ ಮೇಲೆ ಈ ಉತ್ತರ ನಿಂತಿದೆ. ಆದರೂ ಏರಿಳಿತದಿಂದ ದೂರ ಅಳೆಯುವ ವಿಧಾನಗಳಲ್ಲಿ ಇಷ್ಟು ಮನಸ್ಸಿಗೆ ಒಪ್ಪುವಂಥದ್ದು ಇನ್ನೊಂದಿಲ್ಲ.

ನಮ್ಮ 0.1 ಕೆಂಪು ಪಲ್ಲಟದ ಸಾಧಾರಣ ಕ್ವೇಸಾರ್‌ಗೆ ಗ್ರಾವಿಟಿ ಸಿಗದು, ಸೂತ್ರವೇ ಗತಿ. ಸೂತ್ರದ ಸುತ್ತ ಚದುರುವಿಕೆ 0.19 ಡೆಕ್ಸ್‌ನಷ್ಟು (ಅಂದರೆ ಲಾಗ್‌ನಲ್ಲಿ 0.19), ಅದು ಒಂದೇ ಕ್ವೇಸಾರ್‌ನ ದೂರದಲ್ಲಿ ಒಂದೂವರೆ ಪಟ್ಟಿನ ಅನಿಶ್ಚಿತತೆ ಆಗುತ್ತದೆ. ಗೆಲಾಕ್ಸಿಯ ಬೆಳಕು ಶೇಕಡ 30 ಬೆರೆತಿದ್ದನ್ನು ಕಳೆಯದಿದ್ದರೆ ದೂರ ಇನ್ನೂ ಶೇಕಡ 16 ಕಡಿಮೆ ಬರುತ್ತದೆ. ನಮ್ಮ ಗೆಲಾಕ್ಸಿಯ ಧೂಳು 0.3 ಕಾಂತಿಮಾನ ಮಸುಕು ಮಾಡಿದ್ದನ್ನು ಮರೆತರೆ ಶೇಕಡ 15 ಹೆಚ್ಚು. ಗೆಲಾಕ್ಸಿಯ ಪಾಲು ತೆಗೆಯಲು ಝಡ್‌ಟಿಎಫ್‌ನ ಮೊದಲ ಸೇವೆಯೇ ನೆರವಾಗುತ್ತದೆ: ಒಂದೇ ರಾತ್ರಿಯ ಜಿ ಮತ್ತು ಆರ್ ಫ್ಲಕ್ಸ್‌ಗಳನ್ನು ಒಂದರೆದುರು ಒಂದು ನಕ್ಷೆ ಹಾಕಿದರೆ ಬಿಂದುಗಳು ನೇರ ಗೆರೆಯಲ್ಲಿ ಕೂರುತ್ತವೆ; ಆ ಗೆರೆ ಸಾಮಾನ್ಯ ಗೆಲಾಕ್ಸಿಯ ಬಣ್ಣದ ಗೆರೆಯನ್ನು ಎಲ್ಲಿ ದಾಟುತ್ತದೋ ಅಲ್ಲಿಯವರೆಗಿನದು ಗೆಲಾಕ್ಸಿಯ ಪಾಲು. ಮತ್ತೂ ಒಂದು ಮಾತು: ಸೂತ್ರದ 1.527 ಎಂಬ ಅಂಕಿಯೇ ಕೆಂಪು ಪಲ್ಲಟ ಮತ್ತಿತರ ದಾರಿಗಳಿಂದ ಮೊದಲೇ ಗೊತ್ತಿದ್ದ ಹತ್ತಿರದ ಗೆಲಾಕ್ಸಿಗಳ ದೂರದಿಂದ ಬಂದದ್ದು. ಆದ್ದರಿಂದ ಈ ದಾರಿಯಲ್ಲಿ ಸಿಗುವುದು ಸ್ವತಂತ್ರ ದೂರವಲ್ಲ, ಹೋಲಿಕೆಯ ದೂರ.

ತಡವೂ ಬೇಡ, ಮಿನುಗುವ ವೇಗ ನೋಡಿಯೇ ದೂರ ಹೇಳಲಾಗದೆ ಎಂದು ಕೇಳುವವರಿಗೆ: ದೂರದ ಕ್ವೇಸಾರ್‌ಗಳ ಏರಿಳಿತ ನಿಧಾನವಾಗಿ ಕಾಣುತ್ತದೆಂದು 190 ಕ್ವೇಸಾರ್‌ಗಳ ಎರಡು ದಶಕದ ದಾಖಲೆಯಿಂದ ಲೂಯಿಸ್ ಮತ್ತು ಬ್ರೂವರ್ 2023ರಲ್ಲಿ ತೋರಿಸಿದರು. ಅದು ಗುಂಪಿಗೆ ಸಲ್ಲುವ ಮಾತು. ಒಂದೊಂದು ಕ್ವೇಸಾರ್‌ಗೂ ತನ್ನದೇ ಗತಿ ಇರುವುದರಿಂದ ಒಂದರ ದೂರ ಇದರಿಂದ ಸಿಗುವುದಿಲ್ಲ.

ರೋಹಿತವೇ ಸಿಗದವರು ಈ ಸೇವೆಯಲ್ಲಿ ಹುಡುಕಬೇಕಾದ ಹೆಸರು ಕ್ಯೂ 0957+561. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿದೆ. 1979ರಲ್ಲಿ ಪತ್ತೆಯಾದ ಮೊದಲ ಗುರುತ್ವ ಮಸೂರದ ಜೋಡಿ. ಕೆಂಪು ಪಲ್ಲಟ 1.41ರ ಒಂದೇ ಕ್ವೇಸಾರ್ ನಡುವಿನ ಗೆಲಾಕ್ಸಿಯ ಗುರುತ್ವದಿಂದ ಎರಡಾಗಿ ಕಾಣುತ್ತದೆ, ಎರಡರ ನಡುವೆ 6 ಆರ್ಕ್‌ಸೆಕೆಂಡ್ ಅಂತರ. ಝಡ್‌ಟಿಎಫ್ ಎರಡು ಬಿಂಬಗಳನ್ನೂ ಬೇರೆಬೇರೆಯಾಗಿ ಅಳೆಯಬಲ್ಲ ಕೆಲವೇ ಮಸೂರಗಳಲ್ಲಿ ಇದೊಂದು. ಉಳಿದವುಗಳ ಬಿಂಬಗಳು ಒಂದೆರಡು ಆರ್ಕ್‌ಸೆಕೆಂಡಿನಲ್ಲಿ ಒತ್ತೊತ್ತಾಗಿದ್ದು ಒಂದೇ ಚುಕ್ಕೆಯಾಗಿಬಿಡುತ್ತವೆ. ಒಂದು ಬಿಂಬದ ಏರಿಳಿತ ಇನ್ನೊಂದರಲ್ಲಿ 417 ದಿನದ ಮೇಲೆ ಮರುಕಳಿಸುತ್ತದೆಂದು 1997ರಲ್ಲಿ ನಿಖರವಾಗಿ ತಿಳಿಯಿತು. ಒಂದು ವರ್ಷ ಮತ್ತು 52 ದಿನ, ಆದ್ದರಿಂದ ಸರಿಸಿದಾಗ ಋತುಗಳು ಒಂದರ ಮೇಲೊಂದು ಚೆನ್ನಾಗಿ ಬೀಳುತ್ತವೆ, ಸುಳ್ಳು ಶಿಖರದ ಭಯ ಕಡಿಮೆ. ಎರಡನ್ನೂ ಬೇರೆಬೇರೆ ಸ್ಥಾನ ಕೊಟ್ಟು ಕೋರಿ, ತ್ರಿಜ್ಯ ಒಂದೂವರೆ ಆರ್ಕ್‌ಸೆಕೆಂಡ್ ಮೀರಬೇಡಿ, ಜಿ ಸೋಸುಗವನ್ನೇ ಬಳಸಿ: ಮಸೂರದ ಗೆಲಾಕ್ಸಿ ಎರಡನೇ ಬಿಂಬಕ್ಕೆ ಒಂದು ಆರ್ಕ್‌ಸೆಕೆಂಡ್ ಹತ್ತಿರವಿದ್ದು ಕೆಂಪು ಬೆಳಕಿನಲ್ಲಿ ಹೆಚ್ಚು ಬೆರೆಯುತ್ತದೆ. ತಡ ಸಿಕ್ಕಮೇಲೆ ದೂರಕ್ಕೆ ಆ ಗೆಲಾಕ್ಸಿ ಮತ್ತು ಅದರ ಗುಂಪಿನ ತೂಕದ ಮಾದರಿ ಬೇಕು, ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ ಅದು. 1997ರ ಲೆಕ್ಕದಲ್ಲೂ ಹಬಲ್ ಸ್ಥಿರಾಂಕ 64 ಬಂದು ಅದರ ಮೇಲೆ 13ರ ಅನಿಶ್ಚಿತತೆ ಉಳಿದಿತ್ತು, ತಡದ ಅನಿಶ್ಚಿತತೆ ಬರೀ 3 ದಿನವಿದ್ದರೂ.

3ಸಿ 273ರ ಮೋಹ ಬಿಡಲಾಗದವರು ಅಸಾಸ್-ಎಸ್‌ಎನ್ ಸಮೀಕ್ಷೆಯ ಸ್ಕೈ ಪ್ಯಾಟ್ರೋಲ್‌ಗೆ ಹೋಗಿ. ಅದರ ಪುಟ್ಟ 14 ಸೆಂಟಿಮೀಟರ್ ಮಸೂರಗಳಿಗೆ 13ನೇ ಕಾಂತಿಮಾನ ಹದವಾದ ಬೆಳಕು. ಪಿಕ್ಸೆಲ್ 8 ಆರ್ಕ್‌ಸೆಕೆಂಡ್ ಇರುವುದರಿಂದ ಪಕ್ಕದ ನಕ್ಷತ್ರ ಬೆರೆಯದಂತೆ ನೋಡಿಕೊಳ್ಳಿ. ಹಳೆಯ ವಿ ಸೋಸುಗದ ದಾಖಲೆ, ಈಚಿನ ಜಿ ಸೋಸುಗದ ದಾಖಲೆ ಬೇರೆಬೇರೆ ಎಂಬುದನ್ನು ಮರೆತು ಜೋಡಿಸಬೇಡಿ. ಝಡ್‌ಟಿಎಫ್‌ನ ಖಾಲಿ ರಾತ್ರಿಗಳನ್ನು ತುಂಬಲು ಅಟ್ಲಾಸ್ ಸಮೀಕ್ಷೆಯ ಬಲವಂತದ ಫೋಟೊಮೆಟ್ರಿಯೂ ಒಳ್ಳೆಯ ಜೊತೆ. ಹವಾಯಿ, ಚಿಲಿ, ದಕ್ಷಿಣ ಆಫ್ರಿಕಾಗಳ ಅರ್ಧ ಮೀಟರಿನ ದೂರದರ್ಶಕಗಳು ಅವರವು, ಆದ್ದರಿಂದ ಪಾಲೊಮಾರ್‌ನಲ್ಲಿ ಮೋಡವಿದ್ದ ವಾರ ಅಲ್ಲಿ ಅಳತೆ ಸಿಗುತ್ತದೆ. ಅವರ ಸಯಾನ್ ಸೋಸುಗ 4200ರಿಂದ 6500 ಆಂಗ್‌ಸ್ಟ್ರಮ್‌ವರೆಗೆ ಹರಡಿದ್ದು ಜಿಗಿಂತ ಅಗಲ. ಹಾಗಾಗಿ ಎರಡನ್ನೂ ಬೆರೆಸುವ ಮೊದಲು ಒಂದೇ ರಾತ್ರಿಯ ಜೊತೆಗಳಿಂದ ಅಳತೆಪಟ್ಟಿ ಹೊಂದಿಸುವ ಕೆಲಸವನ್ನು ಮೇಲೆ ಹೇಳಿದಂತೆಯೇ ಮಾಡಿ, ಆದರೆ ಈ ಸಲ ಬರೀ ಕೂಡಿಸಿ ಕಳೆದರೆ ಸಾಲದು, ಏರಿಳಿತದ ಅಳತೆಯನ್ನೂ ಒಂದು ಗುಣಕದಿಂದ ಹೊಂದಿಸಬೇಕು.